ಖಾಲಿ ಬಂದ ವಾಗ್ದಾನ

ನವೆಂಬರ್ ಬಂತೆಂದರೆ ವಿಜಯವಾಡದ ಒನ್ ಟೌನ್‌ನಲ್ಲಿರುವ ಸೂರ್ಯಪ್ರಕಾಶರ ಪ್ರೆಸ್ಸಿನಲ್ಲಿ ದೇವರ ಮಾತು ರೀಮುಗಟ್ಟಲೆ ಅಚ್ಚಾಗುತ್ತಿತ್ತು. ಹೊಸ ವರ್ಷದ ಆರಾಧನೆಯಲ್ಲಿ ಸಭೆಯವರೆಲ್ಲ ಬುಟ್ಟಿಯಿಂದ ಬೈಬಲ್ ವಾಕ್ಯವಿರುವ ಒಂದೊಂದು ವಾಗ್ದಾನದ ಕಾರ್ಡು ಎತ್ತುವುದು ಆ ಕಡೆಯ ರೂಢಿ. ಕೈಗೆ ಬಂದ ವಾಕ್ಯವೇ ಆ ಮನೆಗೆ ಆ ವರ್ಷದ ಪಾಲು. ಅದನ್ನು ಮೈಕಿನಲ್ಲಿ ಓದಿ, ಮನೆಗೊಯ್ದು ಬಾಗಿಲ ಮೇಲೆ ಅಂಟಿಸುತ್ತಾರೆ. ಆ ಕಾರ್ಡುಗಳನ್ನು ಒಂದೊಂದಾಗಿ ನೋಡಿ, ನೂರಕ್ಕೊಂದು ರಬ್ಬರ್ ಬ್ಯಾಂಡ್ ಹಾಕುವ ಕೆಲಸ ಕಮಲಾಕ್ಷಿಯದು. ಗದಗಿನ ಕ್ರೈಸ್ತರ ಮನೆಯ ಮಗಳು. ಇಲ್ಲಿಯ ಬಾಬ್ಜಿಯನ್ನು ಮದುವೆಯಾಗಿ ಬಂದು ಇಪ್ಪತ್ತು ವರ್ಷವಾಗಿತ್ತು. ಗದರುವ ವಾಕ್ಯಗಳನ್ನು ಯಾರೂ ಅಚ್ಚು ಹಾಕಿಸುವುದಿಲ್ಲ ಎಂಬುದನ್ನು ಅವಳು ಮೊದಲ ವರ್ಷವೇ ಕಂಡುಕೊಂಡಿದ್ದಳು. ಗಿರಾಕಿಗೆ ಏನು ಬೇಕೋ ದೇವರು ಅದನ್ನೇ ಹೇಳಬೇಕಲ್ಲ.

ಪ್ರೆಸ್ಸಿನ ಕಾನೂನು ಒಂದೇ. ಕೆಟ್ಟ ಕಾರ್ಡು ಹೊರಗೆ ಹೋದರೆ ಅದನ್ನು ಕಟ್ಟಿದವಳೂ ಹೊರಗೆ. ಹೋದ ವರ್ಷ ಹಿಮಬಿಂದು ಎಂಬುವಳು ಹಾಗೇ ಹೋದಳು. ಅವಳ ಎರಡು ಕಾರ್ಡುಗಳಲ್ಲಿ ಅಕ್ಷರ ಅರ್ಧಕ್ಕೆ ಕತ್ತರಿಸಿಹೋಗಿತ್ತು. ಅವಳು ಅಳುತ್ತ ಚಪ್ಪಲಿ ಹುಡುಕುತ್ತಿದ್ದಾಗ ಕಮಲಾಕ್ಷಿ ತಲೆ ಎತ್ತಲಿಲ್ಲ. ಮರುದಿನ ಫ್ಯಾನಿನ ಗಾಳಿ ಚೆನ್ನಾಗಿ ಬರುತ್ತದೆಂದು ಅವಳ ಜಾಗಕ್ಕೆ ತಾನೇ ಹೋಗಿ ಕೂತಳು. ಇವಳೆಂಥ ಹೆಂಗಸು ಎಂದು ಮೂಗು ಮುರಿಯಬೇಡಿ. ಮೂರು ಹೊತ್ತೂ ಹೆದರಿಕೊಂಡಿರುವವರಿಗೆ ಬೇರೆಯವರ ಕಣ್ಣೀರು ನೋಡಲು ಪುರುಸೊತ್ತಿರುವುದಿಲ್ಲ.

ಬಾಬ್ಜಿ ಆಟೋನಗರದಲ್ಲಿ ಲಾರಿ ಬಾಡಿ ಕಟ್ಟುತ್ತಿದ್ದವ. ಮೂರು ವರ್ಷದ ಹಿಂದೆ ಮೇಲಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಆ ವರ್ಷ ಅವರ ಬಾಗಿಲ ಮೇಲಿದ್ದದ್ದು ಕಣಜ ತುಂಬುವ ವಾಗ್ದಾನ. ತೊಂಬತ್ತು ಮೆಟ್ಟಿಲು ಹತ್ತಿ ಹೋಗಬೇಕಾದ ಗುಡ್ಡದ ಮೇಲಿನ ಒಂದು ಕೋಣೆಯಲ್ಲಿ ಅವನು ಮಲಗಿದ್ದಲ್ಲೇ ಇದ್ದ. ಅಕ್ಕಿ ಇದ್ದರೆ ಕಮಲಾಕ್ಷಿಗೆ ಗ್ಯಾಸಿನ ಚಿಂತೆ, ಗ್ಯಾಸಿದ್ದರೆ ಅವನ ಮಾತ್ರೆಯ ಚಿಂತೆ, ಮೂರೂ ಇದ್ದ ದಿನ ಬಾಡಿಗೆಯ ಚಿಂತೆ. ಹೊರಗೆಲ್ಲ ತೆಲುಗು, ಪ್ರಾರ್ಥನೆ ಮಾತ್ರ ಗದಗಿನ ಕನ್ನಡ: “ಯಪ್ಪಾ, ನಾಳಿಗೆ ಹ್ಯಾಂಗ? ನಾಡದಿಗೆ ಹ್ಯಾಂಗ?” ಚಿಂತೆ ಮಾಡುವುದು ಪಾಪ ಎಂದು ಪಾಸ್ಟರ್ ಗಾರು ಒಮ್ಮೆ ಹೇಳಿದರು. ಅಂದಿನಿಂದ ಆ ಪಾಪದ ಚಿಂತೆಯೂ ಸೇರಿಕೊಂಡಿತು.

ಕ್ರಿಸ್‌ಮಸ್ಸಿಗೆ ನಾಲ್ಕು ದಿನವಿದ್ದಾಗ ಪಕ್ಕದ ಮನೆಯಿಂದ ಫೋನ್ ಬಂತು, ಬಾಬ್ಜಿಯ ಬೆನ್ನಿನ ಹುಣ್ಣು ಒಡೆದಿದೆ ಎಂದು. ತಮ್ಮ ಸಭೆಗೇ ಹೋಗಬೇಕಿದ್ದ ಕೊನೆಯ ಕಟ್ಟುಗಳನ್ನು ಅವಳು ನೋಡದೆಯೇ ಬ್ಯಾಂಡ್ ಹಾಕಿ ಓಡಿದಳು.

ಜನವರಿ ಒಂದರ ಬೆಳಿಗ್ಗೆ ಸಭೆಯಲ್ಲಿ ಬುಟ್ಟಿ ಹಿಡಿದು ನಿಂತವಳು ಹಿಮಬಿಂದು. ಪ್ರೆಸ್ಸಿನ ಕೆಲಸ ಹೋದ ಮೇಲೆ ಅವಳು ಅಲ್ಲಿ ಕಸ ಗುಡಿಸುತ್ತಿದ್ದಳು. ಕಮಲಾಕ್ಷಿ ಕಣ್ಣು ಮುಚ್ಚಿ ಒಂದು ಕಾರ್ಡು ಎತ್ತಿ ತಿರುಗಿಸಿದಳು. ಆ ಕಡೆಯೂ ಬಿಳಿ, ಈ ಕಡೆಯೂ ಬಿಳಿ. ಅಚ್ಚಿನಲ್ಲಿ ಎರಡು ಹಾಳೆ ಅಂಟಿಕೊಂಡು ಹೋದರೆ ಕೆಳಗಿನದು ಹೀಗೆ ಬೋಳಾಗುತ್ತದೆ. ಅದು ತಾನು ನೋಡದೆ ಕಟ್ಟಿದ ಕಟ್ಟಿನದೇ ಎಂದು ಅವಳಿಗೆ ತಕ್ಷಣ ಗೊತ್ತಾಯಿತು. ಸಭೆಯ ಹಿರಿಯರಾದ ಸೂರ್ಯಪ್ರಕಾಶರು ಮೊದಲ ಸಾಲಿನಲ್ಲೇ ಕೂತಿದ್ದರು.

ಹಿಮಬಿಂದುವೂ ಕಾರ್ಡು ನೋಡಿದಳು. “ಬಾಯಿಗೆ ಬಂದ ವಾಕ್ಯ ಹೇಳಿಬಿಡಕ್ಕಾ,” ಎಂದು ಪಿಸುಗುಟ್ಟಿದಳು. “ಎಲ್ಲಾ ನಿಂಗೆ ಬಾಯಿಪಾಠ ಅಲ್ವಾ? ಸಾರ್‌ಗೆ ಗೊತ್ತಾದ್ರೆ ನಿನ್ನ ಗತಿ?”

ಅವಳು ಹಲ್ಲು ಕಡಿದಿದ್ದರೆ ಕಮಲಾಕ್ಷಿ ಸುಳ್ಳು ಹೇಳಿಯೇ ಬಿಡುತ್ತಿದ್ದಳು. ಆ ಕರುಣೆಯನ್ನು ತಡೆದುಕೊಳ್ಳಲು ಆಗಲಿಲ್ಲ. ಅವಳ ಜಾಗದಲ್ಲಿ ಫ್ಯಾನಿನ ಗಾಳಿಗೆ ಕೂತದ್ದು ನೆನಪಾಗಿ ನಾಚಿಕೆಯಾಯಿತು. ಮೈಕಿನ ಮುಂದೆ ಹೋಗಿ, “ಇದರಲ್ಲಿ ಏನೂ ಬರೆದಿಲ್ಲ,” ಎಂದಳು.

ಪಾಸ್ಟರ್ ಗಾರು ಕಾರ್ಡನ್ನು ಎತ್ತಿ ಎಲ್ಲರಿಗೂ ತೋರಿಸಿದರು. “ಯಾವಾಗಲೂ ಚಿಂತೆ ಮಾಡುವವರಿಗೆ ಕರ್ತನು ತಾನೇ ಏನು ಹೇಳಿಯಾನು?” ಸಭೆ ನಕ್ಕಿತು. ಅವಳು ಮರಳಿ ಬಂದು ಕೂತಾಗ ಒಬ್ಬ ಹೆಂಗಸು ತನ್ನ ಮಗುವನ್ನು ಕಮಲಾಕ್ಷಿಯ ಪಕ್ಕದಿಂದ ಎಳೆದುಕೊಂಡಳು. ಆರಾಧನೆ ಮುಗಿದ ಮೇಲೆ ಸೂರ್ಯಪ್ರಕಾಶರು ಅಂಗಳದಲ್ಲಿ, ನಗುಮುಖದಿಂದಲೇ, “ನಾಳೆಯಿಂದ ಬರಬೇಡಮ್ಮಾ. ಕೇಕ್ ಮಾತ್ರ ತಗೊಂಡು ಹೋಗು,” ಎಂದರು.

ಮೆಟ್ಟಿಲು ಹತ್ತುತ್ತ ಅವಳು ಹೆದರಿಕೆ ಬರಲೆಂದು ಕಾದಳು. ಮೂರು ವರ್ಷ ಕರೆಯದೇ ಬಂದದ್ದು ಇಂದು ಬರಲಿಲ್ಲ. ಯಾವುದಕ್ಕೆ ಅಷ್ಟು ಹೆದರಿದ್ದಳೋ ಅದು ಆಗಿಹೋಗಿತ್ತು. ನಡುವಿನ ಮೆಟ್ಟಿಲಲ್ಲಿ ಕೂತು, “ಯಪ್ಪಾ, ನೀ ಅದೀ ಅಲ್ಲ?” ಎಂದಳು. ಇದ್ದಾನೆಂದು ಅನ್ನಿಸಿತು, ಪಕ್ಕದಲ್ಲೇ ಕೂತಷ್ಟು ಖಚಿತವಾಗಿ. ಅವನಲ್ಲಿ ಏನಾದರೂ ಬೇಡಬೇಕೆಂಬುದೇ ಅವಳಿಗೆ ನೆನಪಾಗಲಿಲ್ಲ.

ದೇವರು ಹತ್ತಿರ ಬಂದನೆಂದು ಮಾತ್ರೆ ಅಗ್ಗವಾಗಲಿಲ್ಲ. ಹಿಮಬಿಂದು ಅವಳನ್ನು ಒಂದು ಕಲ್ಯಾಣ ಮಂಟಪಕ್ಕೆ ಪಾತ್ರೆ ತೊಳೆಯಲು ಕರೆದೊಯ್ದಳು. ವಾರಕ್ಕೆ ಮೂರು ದಿನ ಕೆಲಸ. ನೋವಿನ ಮಾತ್ರೆ ಅರ್ಧವಾಯಿತು, ಆಮೇಲೆ ದಿನ ಬಿಟ್ಟು ದಿನವಾಯಿತು. ಬಾಬ್ಜಿ ಕೂಗುವುದು ಕೆಳಗಿನ ಬೀದಿಗೂ ಕೇಳುತ್ತಿತ್ತು.

ಫೆಬ್ರವರಿಯಲ್ಲಿ ಸೂರ್ಯಪ್ರಕಾಶರು ತೊಂಬತ್ತು ಮೆಟ್ಟಿಲನ್ನೂ ಹತ್ತಿ ಬಂದರು. ಖಾಲಿ ಕಾರ್ಡಿನ ಸುದ್ದಿ ಹಬ್ಬಿ, ವಿಶಾಖಪಟ್ಟಣದ ಸಭೆಗಳು ಮುಂದಿನ ಆರ್ಡರನ್ನು ಬೇರೆ ಪ್ರೆಸ್ಸಿಗೆ ಕೊಡಲು ಹೊರಟಿದ್ದವು.

“ಭಾನುವಾರ ಮೈಕಿನಲ್ಲಿ ಒಂದೇ ಮಾತು ಹೇಳಮ್ಮಾ,” ಎಂದರು ಏದುಸಿರು ಬಿಡುತ್ತ. “ನನ್ನ ಮೇಲಿನ ಸಿಟ್ಟಿಗೆ ಹಿಮಬಿಂದು ಆ ಕಾರ್ಡನ್ನ ಬುಟ್ಟಿಗೆ ಹಾಕಿದ್ದಳು ಅಂತ. ಸೋಮವಾರದಿಂದ ಕೆಲಸಕ್ಕೆ ಬಾ. ಬಾಬ್ಜಿ ಔಷಧಿ ನನ್ನ ಜವಾಬ್ದಾರಿ.”

“ಹೂಂ ಅನ್ನು ಕಮಲಾ!” ಬಾಬ್ಜಿ ಮಂಚದಿಂದ ಎರಡೂ ಕೈ ಮುಗಿದ. “ನಿನ್ನ ಕಾಲು ಹಿಡ್ಕೋತೀನಿ, ಹೂಂ ಅನ್ನು.”

“ಆ ಕಟ್ಟು ನೋಡದೆ ಕಟ್ಟಿದ್ದು ನಾನು ಸಾರ್. ಬೇಕಾದ್ರೆ ಮೈಕಿನಲ್ಲಿ ಅದನ್ನ ಹೇಳ್ತೀನಿ.”

“ನಾಳೆ ಏನು ತಿಂತೀರಿ?”

“ಇವತ್ತಿಗೆ ಅಕ್ಕಿ ಇದೆ ಸಾರ್.”

ಅವರು ಅವಳ ಮುಖವನ್ನೇ ನೋಡಿದರು. ಮೂರು ವರ್ಷ ಅವಳಿಂದ ಕೆಲಸ ತೆಗೆದದ್ದು ಆ ಮುಖದ ಹೆದರಿಕೆಯಿಂದಲೇ. ಅದು ಕಾಣದೇ ಹೋದಾಗ ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದರು.

ಬಾಬ್ಜಿ ಕೈಗೆಟುಕಿದ ಸ್ಟೀಲಿನ ಚೊಂಬನ್ನು ಎಸೆದ. ಅದು ಅವಳ ಹುಬ್ಬಿನ ಮೇಲೆ ಬಿತ್ತು.

“ನಿನಗೆ ಚಿಂತೆ ಹೋಯ್ತು!” ಅವನು ಬಿಕ್ಕಿಬಿಕ್ಕಿ ಅತ್ತ. “ನೋವು ನನಗಲ್ಲವೇನೇ!”

ಕಮಲಾಕ್ಷಿ ಸೆರಗಿನಿಂದ ರಕ್ತ ಒತ್ತಿಕೊಂಡು, ಅವನನ್ನು ಮಗ್ಗುಲಾಗಿಸಿ, ಹುಣ್ಣು ತೊಳೆಯಲು ನೀರು ಕಾಯಲಿಟ್ಟಳು. ಹಳೆಯ ಬಟ್ಟೆಯ ಚೂರುಗಳನ್ನು ಅವಸರವಿಲ್ಲದೆ, ಕಾರ್ಡು ಜೋಡಿಸಿದಂತೆ ಒಂದೊಂದಾಗಿ ಮಡಿಸಿದಳು. ಬಾಬ್ಜಿ ಆ ನೆಮ್ಮದಿಯನ್ನೇ ನೋಡುತ್ತ ಇನ್ನಷ್ಟು ಅತ್ತ.