ಹಿಕ್ಕೆಗೆ ಕೊಂಬು

ತೋಟದ ಗಿಡಗಳಿಗೆ ಬಿದ್ದ ಹುಳ ಯಾವುದೆಂದು ಹೇಳುವುದು ನನ್ನ ಕೆಲಸವಾಗಿತ್ತು. ನಿವೃತ್ತನಾದ ಮೇಲೂ ಜನ ಬಿಡುವುದಿಲ್ಲ. ಕಳೆದ ಬೇಸಿಗೆಯಲ್ಲಿ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದಾಗ ಜಯಮ್ಮ ಎಂಬಾಕೆ ಹಿತ್ತಲಿಗೆ ಕರೆದೊಯ್ದಳು. ಅವಳ ಕರಿಬೇವಿನ ಗಿಡ ಅರ್ಧ ಬೋಳಾಗಿತ್ತು.

"ಹುಳ ಅಲ್ಲ ಸಾ. ಪಕ್ಕದ್ಮನೆ ಸಾಕಮ್ಮ ಕಿತ್ಕೊಂಡು ಓಯ್ತಾಳೆ. ಹುಳ ಇಲ್ಲ ಅಂತ ನೀವೇ ಒಂದ್ಮಾತು ಯೋಳ್ಬುಡಿ" ಅಂದಳು.

ಸಾಕಮ್ಮ ಬೇಲಿಯಾಚೆಯೇ ನಿಂತಿದ್ದಳು. ಇದೇ ಸೊಪ್ಪಿನ ವಿಷಯಕ್ಕೆ ಇಬ್ಬರಿಗೂ ಯುಗಾದಿಯಿಂದ ಮಾತಿಲ್ಲವಂತೆ.

ಉಳಿದ ಎಲೆಗಳ ಮೇಲೆ ಕಂದು ಬಿಳುಪಿನ ಕಲೆಗಳಿದ್ದವು. ಏನಿದು ಎಂದು ಕೇಳಿದೆ.

"ಕೊಕ್ಕರೆ ಇಕ್ಕೆ. ಒಳ್ಳೆ ಗೊಬ್ರ ಅಂತ ಅಂಗೇ ಬುಟ್ಟಿವ್ನಿ."

ಒಂದನ್ನು ಕಡ್ಡಿಯಿಂದ ಮುಟ್ಟಿದೆ. ಹಿಕ್ಕೆ ತಲೆಯೆತ್ತಿ ಎರಡು ಕೆಂಪು ಕೊಂಬು ಚಾಚಿ, ನಾತ ಬಿಟ್ಟಿತು.

"ನಿಂಬೆ ಚಿಟ್ಟೆಯ ಹುಳ. ಹಕ್ಕಿ ತಿನ್ನದಿರಲೆಂದು ಹಿಕ್ಕೆಯ ವೇಷ ಹಾಕಿದೆ" ಎಂದೆ.

ಸಾಕಮ್ಮ ಬೇಲಿಗೆ ಬಗ್ಗಿದಳು. "ನೋಡ್ಕಳಮ್ಮಿ, ನಿನ್ನ ಸೊಪ್ಪು ಕದ್ದ ಸಾಕಮ್ಮಂಗೆ ಕೊಂಬು ಬಂದವೆ."

ಜಯಮ್ಮ ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡಿದಳು. ಆಮೇಲೆ ಬೇಲಿಯ ಕಡೆ ತಿರುಗದೆಯೇ, "ಸಾರಿಗೆ ಒಗ್ಗರಣೆ ಆಕ್ಬೇಕು. ನಿನ್ ಗಿಡದಾಗೆ ಒಂದೆಸಳು ಸೊಪ್ಪಿದ್ರೆ ಕೊಡು" ಅಂದಳು.

ಸಾಕಮ್ಮ ಒಂದು ಹಿಡಿ ತಂದು ಕೊಟ್ಟಳು.

ನಾನು ಹೊರಡುವಾಗ, ಕೊಕ್ಕರೆಗಳು ಗೂಡು ಕಟ್ಟಿದ್ದ ಹುಣಸೆ ಮರದಿಂದ ಹೆಗಲ ಮೇಲೆ ಏನೋ ಬಿತ್ತು.

"ಒರೆಸ್ಬೇಡಿ ಸಾ, ಮೊದ್ಲು ಕಡ್ಡೀಲಿ ಮುಟ್ಟಿ ನೋಡಿ" ಅಂದಳು ಸಾಕಮ್ಮ. ಇಬ್ಬರೂ ಒಟ್ಟಿಗೇ ನಕ್ಕರು.

ಮುಟ್ಟಿ ನೋಡಿದೆ. ಹಿಕ್ಕೆಯೇ.