ಯಲ್ಲವ್ವನ ಎದೆಬಡಿತ

ಯಲ್ಲವ್ವನ ಎದೆಬಡಿತವನ್ನು ನಾನು ಕದ್ದೆ. ಇದಕ್ಕಿಂತ ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ಬಾಗಲಕೋಟೆಯ ಸೈಕ್ಲಿಂಗ್ ಹಾಸ್ಟೆಲ್ಲಿನಲ್ಲಿ ನಾವಿಬ್ಬರೂ ಒಂದೇ ಕೋಣೆಯವರು. ನಾನು ಇಳಕಲ್ಲಿನ ನೇಕಾರರ ಮನೆಯವಳು; ಅವಳು ಕಮತಗಿಯ ಕುರಿ ಸಾಕುವವರ ಮಗಳು, ನನಗಿಂತ ಚಿಕ್ಕವಳು. ಬಾದಾಮಿ ರಸ್ತೆಯ ಎದುರುಗಾಳಿಯಲ್ಲಿ ಅವಳು ಬೆನ್ನು ಅಲುಗದಂತೆ ಪೆಡಲ್ ತುಳಿಯುವುದನ್ನು ಹಿಂದಿನಿಂದ ನೋಡುವುದೇ ಒಂದು ಸುಖ — ಹೊಟ್ಟೆಕಿಚ್ಚಿನ ನಡುವೆಯೂ ಸುಖ.

ಒಂದು ವರ್ಷ ಸರ್, ಅಂದರೆ ನಮ್ಮ ತರಬೇತುದಾರರು, ಎದೆಗೆ ಕಟ್ಟುವ ಒಂದು ಪಟ್ಟಿ ತಂದರು. ಬೆಳಿಗ್ಗೆ ಎದ್ದೊಡನೆ ಅದನ್ನು ಕಟ್ಟಿಕೊಂಡು ಸುಮ್ಮನೆ ಮಲಗಬೇಕು. ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವಿನ ಅಂತರವನ್ನು ಫೋನು ಅಳೆಯುತ್ತದೆ. ಎದೆ ಗಡಿಯಾರದ ಹಾಗೆ ಬಡಿಯುವುದಿಲ್ಲವಂತೆ. ದಣಿವಾರಿದ ಮೈಯಲ್ಲಿ ಆ ಅಂತರ ಸಲೀಸಾಗಿ ಹಿಗ್ಗುತ್ತದೆ, ಕುಗ್ಗುತ್ತದೆ. ಬಳಲಿದ, ಅಂಜಿದ ಮೈಯಲ್ಲಿ ಆ ವ್ಯತ್ಯಾಸ ಕಡಿಮೆಯಾಗುತ್ತದೆ. ನಾವು ಹೇಳದೆಯೂ ಉಸಿರು, ಬಡಿತ, ಬೆವರು ನೋಡಿಕೊಳ್ಳುವ ನರಗಳ ಕೆಲಸ ಅದು. ಅವಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ನನಗೆ ಬರುತ್ತಿತ್ತು.

ರಾಜ್ಯ ತಂಡದ ಆಯ್ಕೆಯ ರೇಸಿಗೆ ಮುಂಚಿನ ವಾರ ಅಂಜಿಕೆಯಿಂದ ನನಗೆ ನಿದ್ದೆಯೇ ಇರಲಿಲ್ಲ. ಆ ವ್ಯತ್ಯಾಸದ ನನ್ನ ಅಂಕಿ ಇಳಿಯುತ್ತಿತ್ತು, ಯಲ್ಲವ್ವನದು ಏರುತ್ತಿತ್ತು. ಇಬ್ಬರದನ್ನೂ ಫೋನಿನಲ್ಲಿ ತೆಗೆದು ಸರ್‌ಗೆ ಕಳಿಸುವ ಕೆಲಸ ನನ್ನದು. ಒಂದು ಬೆಳಿಗ್ಗೆ ಕೈತಪ್ಪಿ, ನನ್ನ ಬಡಿತವನ್ನು ಅವಳ ಹೆಸರಿನಲ್ಲಿ, ಅವಳದನ್ನು ನನ್ನ — ಇಲ್ಲ, ಕೈ ತಪ್ಪಲಿಲ್ಲ. ಬೇಕೆಂದೇ ಮಾಡಿದೆ. ವಾರವೆಲ್ಲ ಮಾಡಿದೆ.

ಸರ್ ಅವಳನ್ನು ಕರೆದರು. "ನಿನ್ನ ಎದಿ ಭಾಳ ದಣದೈತಿ ಯಲ್ಲವ್ವ. ಈ ಸಲ ರೇಸ್ ಬ್ಯಾಡವ್ವಾ."

"ಆತ್ರಿ ಸರ್," ಎಂದಳು. ಕೋಣೆಗೆ ಬಂದವಳೇ ತನ್ನ ಸೈಕಲ್ಲಿನ ಗಾಲಿ ಬಿಚ್ಚತೊಡಗಿದಳು. "ಅಕ್ಕಾ, ನನ್ನ ಗಾಲಿ ಹಗೂರ ಅದಾವ. ಹಾಕ್ಕೊಂಡ್ ಹೋಗು."

ಹಾಕಿಕೊಂಡು ಹೋದೆ. ಆಯ್ಕೆಯಾದೆ. ಮುಂದೆ ಕ್ರೀಡಾ ಕೋಟಾದಲ್ಲಿ ನೌಕರಿಯೂ ಸಿಕ್ಕಿತು.

ಮಗಳ ಎದೆ ಸೋತಿದೆ ಎಂಬ ಮಾತು ಕಮತಗಿ ಮುಟ್ಟಿದಾಗ ಅವಳ ಅಪ್ಪ ಬಂದು ಕರೆದುಕೊಂಡು ಹೋದ. ದವಾಖಾನೆಯಲ್ಲಿ ಏನೂ ಇಲ್ಲ ಎಂದರೂ ಮನೆಯವರು ನಂಬಲಿಲ್ಲ, ಅವಳೂ ನಂಬಲಿಲ್ಲ. ಆದರೆ ಸುಮ್ಮನೆ ಕೂರುವವಳಲ್ಲ ಅವಳು — ಓಣಿಯ ಹುಡುಗಿಯರಿಗೆ ಸೈಕಲ್ ಕಲಿಸಿದಳು. ಆ ಊರಿನಿಂದ ಹಾಸ್ಟೆಲ್ಲಿಗೆ ಬರುವ ಹುಡುಗಿಯರ ಅಲುಗದ ಬೆನ್ನು ನೋಡಿದರೇ ಸಾಕು, ಯಾರ ಕೈಯಲ್ಲಿ ಪಳಗಿದವರೆಂದು ತಿಳಿಯುತ್ತದೆ.

ಕಳೆದ ತಿಂಗಳು ಕಮತಗಿಗೆ ಹೋಗಿ ಅವಳಿಗೆ ಎಲ್ಲ ಹೇಳಿದೆ. ಅವಳು ಒಂದು ಹುಡುಗಿಯ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದಳು. ಕೈ ನಿಂತಿತು.

"ಅಂದ್ರ... ನನ್ನ ಎದಿ ಛಲೋನ ಇತ್ತೇನಕ್ಕಾ?"

"ಛಲೋ ಇತ್ತು. ನಮ್ಮೆಲ್ಲಾರಕಿಂತ ಛಲೋ ಇತ್ತು."

ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಳು.

"ಏರು ಬಂದಾಗೆಲ್ಲಾ ಇಳದು ಸೈಕಲ್ ತಳ್ಳತಿದ್ದೆ," ಎಂದಳು. "ಇಷ್ಟು ವರ್ಷ."

ಅಲ್ಲಿಂದ ಬಸ್ಸು ಹತ್ತಿ ನೇರ ಬಾಗಲಕೋಟೆಗೆ ಬಂದೆ. ಸರ್ ಮನೆಯಲ್ಲೇ ಇದ್ದರು; ಅವರಿಗೂ ಎಲ್ಲ ಹೇಳಿದೆ.