ಪಿಂಗ್‌ಪಾಂಗ್ ಟೇಬಲ್ಲಿನ ಮೇಲಿನ ಹಿಮದೂರು

ಸಿನಿಮಾ ತೆಗೆಯುವ ಫೋನುಗಳು ಆಗಿನ್ನೂ ಯಾರ ಜೇಬಿಗೂ ಬಂದಿರಲಿಲ್ಲ. ಅಮೆರಿಕದಲ್ಲಿ ನಮ್ಮ ಟ್ರಾಯ್ ಕಡೆಯ ಕನ್ನಡದವರ ಮನೆಗಳಲ್ಲಿ ಒಂದೊಂದು ವಿಡಿಯೊ ಕ್ಯಾಮೆರಾ ಇರುತ್ತಿತ್ತು. ಹುಟ್ಟುಹಬ್ಬಕ್ಕೋ, ನಯಾಗರಾ ಟ್ರಿಪ್ಪಿಗೋ, ಊರಿಂದ ಬರುವ ಅಜ್ಜಿಯನ್ನು ಏರ್‌ಪೋರ್ಟಿನಲ್ಲಿ ಎದುರುಗೊಳ್ಳುವುದಕ್ಕೋ ಅದು ಕಪಾಟಿನಿಂದ ಹೊರಗೆ ಬರುತ್ತಿತ್ತು. ನಮ್ಮ ಮನೆಯದು ಕಪಾಟಿನ ಮುಖವನ್ನೇ ನೋಡಿರಲಿಲ್ಲ, ಸದಾ ನನ್ನ ಕೊರಳಲ್ಲಿ ನೇತಾಡುತ್ತಿತ್ತು. ಎರಡನೇ ಕ್ಲಾಸಿನವರೆಗೆ ಮೈಸೂರಿನಲ್ಲಿದ್ದು ಆಮೇಲೆ ಮಿಶಿಗನ್ನಿಗೆ ಬಂದ ನಾನು, ಹನ್ನೆರಡು ತುಂಬುವಷ್ಟರಲ್ಲಿ ಡೈರೆಕ್ಟರ್ ಆಗಿಬಿಟ್ಟಿದ್ದೆ. ಯಾರು ಮಾಡಿದರು ಅಂದರೆ, ನಾನೇ. ಬೇರೆಯವರನ್ನು ಕೇಳುವ ಅಭ್ಯಾಸ ನನಗಿರಲಿಲ್ಲ.

ಊರಿನ ಕನ್ನಡದವರು ಇದನ್ನು ಒಪ್ಪಿರಲಿಲ್ಲ, ಅದೇ ತೊಂದರೆ. ಹಿಂದಿನ ವರ್ಷ ನಮ್ಮವರ ರಾಜ್ಯೋತ್ಸವದಲ್ಲಿ ಮಕ್ಕಳ ಡಾನ್ಸುಗಳ ನಡುವೆ ನನ್ನ ಪುಟ್ಟ ಸಿನಿಮಾ ತೋರಿಸಿದ್ದರು. ರಟ್ಟಿನ ಬೆಟ್ಟದಿಂದ ಆಟದ ಕಾರೊಂದು ಉರುಳಬೇಕಿತ್ತು. ಉರುಳಿತು. ಅದನ್ನು ತಳ್ಳಿದ ನನ್ನ ಕೈಯೂ ಬಳೆ ಸಮೇತ ಪರದೆ ತುಂಬ ಕಾಣಿಸಿತು. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ನಾರ್ತ್‌ವಿಲ್ಲಿನ ಶ್ರೀಕಂಠ ಅಂಕಲ್. ಊಟದ ಕ್ಯೂನಲ್ಲಿ, ಬಿಸಿಬೇಳೆಬಾತಿನ ಟ್ರೇ ಮುಂದೆ ನಿಂತು, "ಏನಮ್ಮಾ ಕೈ ಡೈರೆಕ್ಟರ್, ನೆಕ್ಸ್ಟ್ ಸಿನಿಮಾದಲ್ಲಿ ಕಾಲೂ ತೋರಿಸ್ತೀಯಾ?" ಎಂದು ಕೂಗಿದರು. ಮುಗಿಯಿತು. ದೇವಸ್ಥಾನಕ್ಕೆ ಹೋದರೆ ಕೈ ಡೈರೆಕ್ಟರ್, ಪಾಟ್‌ಲಕ್ ಊಟಕ್ಕೆ ಹೋದರೆ ಕೈ ಡೈರೆಕ್ಟರ್. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮುಂದಿನ ರಾಜ್ಯೋತ್ಸವದಲ್ಲಿ ಒಂದೇ ಒಂದು ಶಾಟ್, ನೋಡಿದವರೆಲ್ಲ ನಿಜವೆಂದು ನಂಬುವಂಥ ಒಂದೇ ಒಂದು ಶಾಟ್ ತೋರಿಸಬೇಕು, ಇಲ್ಲವಾದರೆ ನನ್ನ ಮದುವೆಯ ಕರೆಯೋಲೆಯಲ್ಲೂ ಇವರು ಇದೇ ಹೆಸರು ಹಾಕಿಸುತ್ತಾರೆ ಎಂದು ರೆಹಾನಾಳ ಮುಂದೆ ಅತ್ತೆ.

ರೆಹಾನಾ ನನ್ನ ಜೀವದ ಗೆಳತಿ. ಅವಳ ಮನೆಯವರು ಭದ್ರಾವತಿ ಕಡೆಯವರು, ಇರುವುದು ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ. ಅವಳ ಅಬ್ಬಾ ಗುದ್ದಿಸಿಕೊಂಡು ಬಂದ ಕಾರುಗಳ ಡೆಂಟ್ ತೆಗೆದು ಪೇಂಟ್ ಹೊಡೆಯುವ ಅಂಗಡಿ ಇಟ್ಟಿದ್ದರು. ಕಥೆ ಅವಳದೇ. ಹಿಮ ಸುರಿಯುವ ಸಂಜೆ ಡಾಕ್ಟರೊಬ್ಬಳು ಔಷಧಿ ತೆಗೆದುಕೊಂಡು ಬೆಟ್ಟದಾಚೆಯ ಊರಿಗೆ ಕಾರಿನಲ್ಲಿ ಹೋಗುತ್ತಾಳೆ, ಅಷ್ಟೇ. ಡಾಕ್ಟರ್ ಕೂಡ ಅವಳೇ. ಬಾಕಿ ಎಲ್ಲವನ್ನೂ ಗರಾಜಿನಲ್ಲಿ ನಿಂತ ಕಾರೊಳಗೆ ಕೂತು ತೆಗೆಯಬಹುದಿತ್ತು. ಆದರೆ ಕಾರು ಬೆಟ್ಟದ ತಿರುವಿನಲ್ಲಿ ತಿರುಗಿ, ದೀಪ ಹಚ್ಚಿಕೊಂಡ ಹಿಮದೂರಿನತ್ತ ಇಳಿಯುವುದನ್ನು ತೋರಿಸದೆ ಸಿನಿಮಾ ಇಲ್ಲ. ನಮ್ಮ ಕಡೆ ಬೆಟ್ಟ ಎನ್ನುವುದೇ ಇಲ್ಲ. ರಾಜ್ಯೋತ್ಸವ ನವೆಂಬರಿನ ಮೊದಲ ವಾರ, ಅಷ್ಟು ಬೇಗ ಹಿಮವೂ ಇಲ್ಲ. ಎರಡನ್ನೂ ಬೇಸ್‌ಮೆಂಟಿನಲ್ಲಿ ನಾವೇ ಮಾಡಿಕೊಳ್ಳಬೇಕಿತ್ತು.

ಲೈಬ್ರರಿಯಿಂದ ತಂದ ದಪ್ಪ ಪುಸ್ತಕವೊಂದರಲ್ಲಿ, ಸೊಂಟದೆತ್ತರದ ನಗರಗಳ ನಡುವೆ ಬ್ರಶ್ ಹಿಡಿದು ನಿಂತ ಗಡ್ಡದ ಗಂಡಸರ ಫೋಟೊಗಳಿದ್ದವು. ಸಿನಿಮಾದಲ್ಲಿ ಮುಳುಗುವ ಹಡಗು, ಉರಿಯುವ ಗೋಪುರ ಎಲ್ಲ ಹೀಗೆ ಕೈಯಲ್ಲಿ ಮಾಡಿದ ಪುಟಾಣಿಗಳೇ ಎಂದು ಓದಿ ನನಗೆ ತಲೆ ತಿರುಗಿತು. ಪುಸ್ತಕವನ್ನು ಅಪ್ಪನಿಗೆ ತೋರಿಸಿದೆ. ಅಪ್ಪ ಧಾರವಾಡದವರು, ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಡಿಸೈನ್ ಎಂಜಿನಿಯರ್. ಕನ್ನಡಕ ಮೇಲೇರಿಸಿ, "ಸ್ಕೇಲ್ ಮುಖ್ಯ ನೋಡವಾ. ಸ್ಕೇಲ್ ತಪ್ಪಿತಂದ್ರ ಎಲ್ಲಾ ತಪ್ಪಿತು," ಅಂದರು. ಅಂದ ಮೇಲೆ ಅವರನ್ನು ಹಿಡಿಯುವವರು ಯಾರು? ಪಿಂಗ್‌ಪಾಂಗ್ ಟೇಬಲ್ಲಿನ ನೆಟ್ ಬಿಚ್ಚಿ, ಥರ್ಮೊಕೋಲಿನಲ್ಲಿ ಗುಡ್ಡ ಕೊರೆದು, ರಟ್ಟಿನ ಮನೆ, ಚರ್ಚು, ನೀರಿನ ಟ್ಯಾಂಕು ಎಲ್ಲವನ್ನೂ ಒಂದೇ ಅಳತೆಯಲ್ಲಿ, ಕೂದಲೆಳೆ ಹೆಚ್ಚುಕಮ್ಮಿ ಇಲ್ಲದಂತೆ ಮಾಡಿದರು. ಕಿಟಕಿಗಳೊಳಗೆ ಪುಟ್ಟ ಬಲ್ಬುಗಳು ಬಂದವು.

ಹಿಮದ ಪಾಡು ಕೇಳಬೇಡಿ. ಮೊದಲು ಚಿರೋಟಿ ರವೆ ಉದುರಿಸಿದೆವು. ಕ್ಯಾಮೆರಾದಲ್ಲಿ ಒಂದೊಂದು ಕಾಳೂ ಫುಟ್‌ಬಾಲಿನಷ್ಟು ಕಂಡಿತು. ಮೈದಾ ಮುದ್ದೆಯಾಯಿತು. ಸಕ್ಕರೆಗೆ ಇರುವೆ ಬಂತು. ಕೊನೆಗೆ ಅಡುಗೆ ಸೋಡವನ್ನು ಟೀ ಸೋಸುವ ಜರಡಿಯಲ್ಲಿ ತಟ್ಟಿ ತಟ್ಟಿ ಉದುರಿಸಿದಾಗ, ಅಬ್ಬಾ, ಹಿಮವೇ! ಮರಗಳನ್ನು ಕೊಟ್ಟವಳು ಅಮ್ಮ. ಪ್ರತಿ ಚಳಿಗಾಲದಲ್ಲೂ ನಮ್ಮ ತುಳಸಿ ಒಣಗುತ್ತಿತ್ತು. ಅದನ್ನು ಕಸಕ್ಕೆ ಹಾಕಲು ಮನಸ್ಸು ಬಾರದೆ ಅಮ್ಮ ಒಣಗಿದ ಕದಿರುಗಳನ್ನು ವರ್ಷಗಟ್ಟಲೆ ಡಬ್ಬಿಯಲ್ಲಿ ಕೂಡಿಟ್ಟಿದ್ದಳು. ಸಾಲಾಗಿ ನೆಟ್ಟರೆ ಥೇಟು ಪೈನ್ ಕಾಡು.

"ಸುಮ್ನೆ ಡಬ್ಬೀಲಿ ಕೂತಿರೋದಕ್ಕಿಂತ ಮರ ಆಗ್ಲಿ ಬಿಡು. ತುಳೀಬೇಡಿ ಅಷ್ಟೇ," ಎಂದಳು.

ಎಲ್ಲ ಸಿದ್ಧವಾದ ದಿನ ಶೂಟ್ ಮಾಡಿ ಟಿವಿಗೆ ಹಾಕಿದೆವು. ನೋಡುತ್ತ ನೋಡುತ್ತ ನನ್ನ ಮುಖ ಇಳಿದುಹೋಯಿತು. ಪ್ರತಿಯೊಂದು ಮನೆಯೂ ಸರಿಯಾಗಿತ್ತು, ಊರು ಮಾತ್ರ ಟೇಬಲ್ಲಿನ ಮೇಲೆಯೇ ಕೂತಿತ್ತು. ರೆಹಾನಾ ತಲೆ ಕೆರೆದುಕೊಂಡು, "ಇಟ್ ಲುಕ್ಸ್ ಲೈಕ್ ಎ ಬರ್ತ್‌ಡೇ ಕೇಕ್," ಅಂದಳು. ಹೌದು, ಕೇಕೇ. ಒಂದು ಮೇಣದಬತ್ತಿ ಕಡಿಮೆ ಇತ್ತು.

ಅದೇ ಹೊತ್ತಿಗೆ ನವರಾತ್ರಿ ಬಂದುಬಿಟ್ಟಿತು. "ನಾಳೆ ಗೊಂಬೆ ಕೂರಿಸ್ಬೇಕು, ಟೇಬಲ್ ಖಾಲಿ ಮಾಡಿ," ಎಂದಳು ಅಮ್ಮ. ನಾನು ಟೇಬಲ್ಲಿನ ಕಾಲು ತಬ್ಬಿಕೊಂಡು ಕೂತೆ. ಕಡೆಗೆ ಅರ್ಧ ಟೇಬಲ್ಲು ನಮ್ಮ ಊರಿಗೆ, ಅರ್ಧ ಅವಳಿಗೆ ಎಂದು ರಾಜಿಯಾಯಿತು. ಗೊಂಬೆಗಳನ್ನು ಗೋಡೆಗೊರಗಿಸಿದ ಮೆಟ್ಟಿಲ ಮೇಲೆ ಕೂರಿಸಿ, ಅಮ್ಮ ತನ್ನ ಪಾಲಿನಲ್ಲಿ ಪ್ರತಿ ವರ್ಷದಂತೆ ಚಾಮುಂಡಿಬೆಟ್ಟ ಕಟ್ಟತೊಡಗಿದಳು. ತುದಿಯಲ್ಲಿ ಬೆರಳುಗುರಿನಷ್ಟು ದೇವಸ್ಥಾನ. ಬುಡದಲ್ಲಿ ಅಂಗೈಯಗಲದ ರಸ್ತೆ, ಮೇಲೆ ಹೋದ ಹಾಗೆ ದಾರದಷ್ಟು ಸಣ್ಣ. ಮುಂದುಗಡೆ ಚನ್ನಪಟ್ಟಣದ ದೊಡ್ಡ ಆಟಿಕೆ ಬಸ್ಸು.

ಅಪ್ಪನಿಗೆ ತಡೆಯಲಾಗಲಿಲ್ಲ. "ಏನ ಇದು? ಬಸ್ಸಿನೊಳಗ ನಾಕು ಗುಡಿ ಹಿಡೀತಾವ! ಸ್ಕೇಲ್ ಅನ್ನೋದು ಬ್ಯಾಡೇನು?"

"ನಮ್ಮನೆ ಮಹಡಿ ಮೇಲಿಂದ ಬೆಟ್ಟ ಹೀಗೇ ಕಾಣ್ತಿತ್ತು ಕಣ್ರೀ," ಎಂದಳು ಅಮ್ಮ, ಕೈಕೆಲಸ ನಿಲ್ಲಿಸದೆ. "ನಮ್ಮಮ್ಮ ಹೀಗೇ ಕಟ್ತಿದ್ರು, ನಾನೂ ಹೀಗೇ ಕಟ್ಟೋದು."

ಇವರ ಜಗಳ ತೆಗೆಯೋಣವೆಂದು ನಾನು ಕ್ಯಾಮೆರಾವನ್ನು ಟೇಬಲ್ಲಿನ ಅಂಚಿಗೆ ಇಟ್ಟು ಕಣ್ಣು ಹಚ್ಚಿದೆ. ಬಸ್ಸು ನನ್ನ ಪಕ್ಕದಲ್ಲೇ ನಿಂತಿತ್ತು, ರಸ್ತೆ ಹೋಗುತ್ತಾ ಹೋಗುತ್ತಾ ಇತ್ತು, ದೇವಸ್ಥಾನ ಮೈಲಿಗಳಾಚೆ ಬಾನಿನಲ್ಲಿತ್ತು. ಪಕ್ಕಕ್ಕೆ ತಿರುಗಿಸಿದೆ, ನಮ್ಮ ಊರು: ಕೇಕು. ಮತ್ತೆ ಇತ್ತ ತಿರುಗಿಸಿದೆ: ಬೆಟ್ಟ!

"ಅಪ್ಪಾ! ಮುಂದಿಂದು ದೊಡ್ಡದು, ಹಿಂದಿಂದು ಚಿಕ್ಕದು! ಅಷ್ಟೇ ಅಪ್ಪಾ, ಅಷ್ಟೇ!" ಎಂದು ಕಿರುಚಿದೆ. ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿಗೆ ಅವತ್ತು ಕನ್ನಡವೇ ಬಾಯಿಗೆ ಬಂತು.

ಅಪ್ಪ ಮಂಡಿಯೂರಿ ನೋಡಿದರು. ಬಹಳ ಹೊತ್ತು ನೋಡಿದರು. ಎದ್ದು ನಿಂತು ಅಮ್ಮನ ಕಡೆ ತಿರುಗಿ, "ಭಾಳ ಛಲೋ ಅದ ನಿಮ್ಮ ಬೆಟ್ಟ," ಅಂದರು. ಅಮ್ಮ, "ಈಗ ಗೊತ್ತಾಯ್ತಾ?" ಎಂದು ಕುಂಕುಮದ ಬಟ್ಟಲು ಎತ್ತಿಕೊಂಡು ಹೋದಳು. ಆ ನಡಿಗೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಊರನ್ನು ಪೂರ್ತಿ ಕಿತ್ತು ಮತ್ತೆ ಕಟ್ಟಿದೆವು. ಹತ್ತಿರದ ಬೇಲಿ ಗೇಣುದ್ದ, ಕೊನೆಯ ಮನೆ ಅವರೆಕಾಳಿನಷ್ಟು. ಕಾರು ಹೋಗುತ್ತ ಹೋಗುತ್ತ ಚಿಕ್ಕದಾಗುವುದು ಹೇಗೆ? ಅದಕ್ಕೂ ಉಪಾಯ ಹೂಡಿದೆವು. ರೆಹಾನಾಳ ಅಬ್ಬಾ ಎರಡು ಆಟದ ಕಾರುಗಳಿಗೆ ತಮ್ಮ ಅಂಗಡಿಯಲ್ಲಿ ಒಂದೇ ಕೆಂಪು ಹೊಡೆದುಕೊಟ್ಟರು. ಒಂದು ಅಂಗೈಯಷ್ಟು, ಇನ್ನೊಂದು ಖರ್ಜೂರದಷ್ಟು. ದೊಡ್ಡದು ತಿರುವಿನಲ್ಲಿ ತುಳಸಿಕಾಡಿನ ಹಿಂದೆ ಮರೆಯಾಗಬೇಕು, ಅದೇ ಕ್ಷಣಕ್ಕೆ ಆಚೆಯಿಂದ ಚಿಕ್ಕದು ಹೊರಬರಬೇಕು. ಎಳೆಯುವುದಕ್ಕೆ ಅಮ್ಮನ ಹೂ ಕಟ್ಟುವ ಬಿಳಿ ದಾರ. ದೊಡ್ಡ ಕಾರಿನ ದಾರ ಟೇಬಲ್ಲಿನ ಕೆಳಗೆ ಅಪ್ಪನ ಕೈಯಲ್ಲಿ, ಚಿಕ್ಕದರದು ಟೇಬಲ್ಲಿನ ಹಿಂದೆ ಅಮ್ಮನ ಕೈಯಲ್ಲಿ. ದೂರ ಮಸುಕಾಗಿ ಕಾಣಲೆಂದು ಸಾಂಬ್ರಾಣಿ ಹೊಗೆ. ಯಾರ ಕೈಯೂ ಒಳಗೆ ಬರಕೂಡದು ಎಂದು ಎಲ್ಲರಿಗೂ ಆಣೆ ಹಾಕಿಸಿದ್ದೆ.

ನವರಾತ್ರಿಯ ಶನಿವಾರ ಮಧ್ಯಾಹ್ನ, ಕಿಟಕಿಗೆ ಕಂಬಳಿ ಹೊದಿಸಿ ಶುರುಮಾಡಿದೆವು. ಐದು ಗಂಟೆಗೆ ಅಮ್ಮ ಅರಿಶಿನ ಕುಂಕುಮಕ್ಕೆ ಹೆಂಗಸರನ್ನು ಕರೆದಿದ್ದಳು. ಗೊಂಬೆ ಇದ್ದದ್ದು ಅಲ್ಲೇ ಆದ್ದರಿಂದ ಅಷ್ಟರೊಳಗೆ ನಾವು ಚೆಲ್ಲಿದ ಸೋಡವನ್ನೆಲ್ಲ ಬಳಿದು ಜಾಗ ಬಿಡಬೇಕಿತ್ತು. ಒಮ್ಮೆ ಚಿಕ್ಕ ಕಾರು ಮೊದಲೇ ಬಂತು. ಒಮ್ಮೆ ದೊಡ್ಡದು ಕಾಡಿಗೇ ನುಗ್ಗಿ ತುಳಸಿ ಉರುಳಿತು. ಒಮ್ಮೆ ಸಾಂಬ್ರಾಣಿ ಹೆಚ್ಚಾಗಿ ಸ್ಮೋಕ್ ಅಲಾರಂ ಮನೆ ಹಾರಿಹೋಗುವಂತೆ ಅರಚಿಕೊಂಡಿತು. ಅಪ್ಪ ಟವೆಲ್ ಬೀಸುತ್ತಾ ಕುಣಿದರು. ಮತ್ತೆ ಜರಡಿ, ಮತ್ತೆ ಸೋಡ.

ಕೊನೆಯ ಸಲಕ್ಕೆ ಸಿದ್ಧವಾಗುತ್ತಿದ್ದಂತೆ ಮೇಲೆ ಡೋರ್‌ಬೆಲ್ ಬಾರಿಸಿತು. ಬಾಗಿಲಲ್ಲಿ ಅತಿಥಿ ಒಂದು ಕ್ಷಣ ಕಾದರೂ ಸಹಿಸದವಳು ನಮ್ಮಮ್ಮ. ರೇಷ್ಮೆ ಸೀರೆ ಉಟ್ಟು, ಟೇಬಲ್ಲಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಬೆಲ್ ಮತ್ತೆ ಬಾರಿಸಿತು.

"ಕಾಯ್ಲಿ ಬಿಡೇ," ಎಂದಳು ಅಮ್ಮ. "ನೀನು ಹೇಳು."

"ಆಕ್ಷನ್!"

ಕೆಂಪು ಕಾರು ನಿಧಾನವಾಗಿ ಬಂತು. ತಿರುಗಿತು. ಕಾಡಿನ ಹಿಂದೆ ಹೋಯಿತು. ಅಮ್ಮನ ಬಳೆ ಸಣ್ಣಗೆ ಕಿಣಿ ಎಂದಿತು, ಚಿಕ್ಕ ಕಾರು ಆಚೆಯಿಂದ ಹೊರಟು ಮಂಜಿನಲ್ಲಿ ಮಿನುಗುವ ಊರಿನತ್ತ ಇಳಿಯಿತು. ರೆಹಾನಾ ನನ್ನ ಭುಜ ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಅವಳ ಉಗುರಿನ ಗುರುತು ಮರುದಿನವೂ ಇತ್ತು. ಸಂತೋಷಕ್ಕೆ ನಾನು ಅಳುತ್ತಿದ್ದೆ.

ರಾಜ್ಯೋತ್ಸವದ ದಿನ ಹೈಸ್ಕೂಲ್ ಆಡಿಟೋರಿಯಮ್ಮಿನ ದೀಪ ಆರಿತು. "ಕೈ ಬಂತಾ ನೋಡ್ರೋ" ಎಂದು ಹಿಂದಿನಿಂದ ಯಾರೋ ಕೂಗಿದರು, ನಗು ಎದ್ದಿತು. ಕಾರೊಳಗೆ ರೆಹಾನಾ ಕಾಣಿಸಿದಳು, ನಗು ಇನ್ನೂ ಇತ್ತು. ಆಮೇಲೆ ಆ ಶಾಟ್. ಇಡೀ ಹಾಲ್ ಗಪ್‌ಚುಪ್. ಯಾರದೋ ಮಗು, "ಅಮ್ಮಾ, ಸ್ನೋ!" ಎಂದಿತು. ಅಷ್ಟೇ. ಒಬ್ಬರೂ ನಗಲಿಲ್ಲ. ನನ್ನ ಜೀವನದಲ್ಲಿ ಅದಕ್ಕಿಂತ ಒಳ್ಳೆಯ ಸದ್ದು ನಾನು ಕೇಳಿಲ್ಲ, ಮುಚ್ಚುಮರೆ ಏಕೆ?

ಊಟದ ಕ್ಯೂನಲ್ಲಿ ಶ್ರೀಕಂಠ ಅಂಕಲ್ ಅಪ್ಪನನ್ನು ಹಿಡಿದುಕೊಂಡರು. "ಏನ್ ಸಾರ್, ಮಗಳ ಸಿನಿಮಾಗೆ ಅಂತ ಅಷ್ಟ್ ದೂರ ಉತ್ತರಕ್ಕೆ, ಅಪ್ಪರ್ ಪೆನಿನ್ಸುಲಾ ತನಕ ಡ್ರೈವ್ ಮಾಡಿದೀರಾ? ಇಷ್ಟ್ ಬೇಗ ಸ್ನೋ ಅಲ್ಲಿ ಬಿಟ್ರೆ ಇನ್ನೆಲ್ಲಿ? ಹೈವೇಲಿ ಯಾವ ಎಕ್ಸಿಟ್ ತಗೊಂಡ್ರಿ?"

"ಎಕ್ಸಿಟ್ ಎಲ್ಲಿದು? ನಮ್ಮನಿ ಬೇಸ್‌ಮೆಂಟಿಗೆ ಮೆಟ್ಲ ಇಳದ್ರ ಬಂತು," ಎಂದರು ಅಪ್ಪ.

"ಒಳ್ಳೆ ಜಾಗ ಅಂತ ಗುಟ್ಟು ಮಾಡ್ತೀರಲ್ಲ! ಇರ್ಲಿ ಬಿಡಿ, ನಾವೇ ಹುಡುಕ್ತೀವಿ."

ತಮಾಷೆ ಎಂದುಕೊಂಡೆವು. ಮುಂದಿನ ವೀಕೆಂಡ್ ಆ ಪುಣ್ಯಾತ್ಮರು ಹೆಂಡತಿಯನ್ನು ಕೂರಿಸಿಕೊಂಡು, ಪುಳಿಯೋಗರೆ ಕಟ್ಟಿಸಿಕೊಂಡು, ಹೈವೇ ಹಿಡಿದು ಉತ್ತರಕ್ಕೆ ಹೊರಟೇ ಬಿಟ್ಟರು! ಗ್ಯಾಸ್ ಸ್ಟೇಷನ್ನುಗಳಲ್ಲಿ ಗುಡ್ಡ, ಚರ್ಚು, ನೀರಿನ ಟ್ಯಾಂಕು ಎಂದು ವಿಚಾರಿಸಿದರಂತೆ. ಭಾನುವಾರ ಸಂಜೆ ಬರಿಗೈಯಲ್ಲಿ ವಾಪಸಾಗುತ್ತಾ ಸೀದಾ ನಮ್ಮ ಮನೆಗೇ ಬಂದರು, ಮುಖ ಗಂಟಿಕ್ಕಿಕೊಂಡು. "ಈಗ್ಲಾದ್ರೂ ಹೇಳಿ ಸಾರ್, ಎಲ್ಲಿದು?"

ಅಪ್ಪ ಬೇಸ್‌ಮೆಂಟಿನ ದೀಪ ಹಾಕಿದರು. ಗೊಂಬೆಗಳು ಪೆಟ್ಟಿಗೆ ಸೇರಿದ್ದರೂ ಊರನ್ನು ಕೀಳಲು ನಾನು ಬಿಟ್ಟಿರಲಿಲ್ಲ. ಅಂಕಲ್ ಟೇಬಲ್ ನೋಡಿದರು, ನನ್ನನ್ನು ನೋಡಿದರು. ಕ್ಯಾಮೆರಾ ಇಟ್ಟಿದ್ದ ಜಾಗವನ್ನು ನಾನು ಬೆರಳಲ್ಲಿ ತೋರಿಸಿದೆ. ಜಾಕೆಟ್ಟನ್ನೂ ಬಿಚ್ಚದೆ ಮಂಡಿಯೂರಿ ಕೂತು ಒಂದು ಕಣ್ಣು ಮುಚ್ಚಿದರು. ಬೈಯುತ್ತಾರೆ ಎಂದು ನಾನು ಅಮ್ಮನ ಹಿಂದೆ ಸರಿದೆ.

ಅವರು ತಿರುಗಲೇ ಇಲ್ಲ. ಹಾಗೆಯೇ ಕೂತು, ಮೆಲ್ಲಗೆ ಹೆಂಡತಿಯನ್ನು ಕರೆದರು. "ಏಯ್, ಬಾ ಇಲ್ಲಿ. ನೋಡು, ನಾವು ಹೊರಟಿದ್ದು ಇಲ್ಲಿಗೇ."

ಅವತ್ತಿನಿಂದ ಅವರು ನನ್ನನ್ನು ಕರೆದದ್ದು ಡೈರೆಕ್ಟರಮ್ಮ ಎಂದು. ಊರೆಲ್ಲ ಹಾಗೇ ಕರೆಯಿತು.

ನಾನೀಗ ಶಿಕಾಗೊದಲ್ಲಿದ್ದೇನೆ. ಜಾಹೀರಾತುಗಳಿಗೆ ಹಿಮ ಸುರಿಸುವುದು, ಊರು ಎಬ್ಬಿಸುವುದೇ ನನ್ನ ಕೆಲಸ, ಎಲ್ಲ ಕಂಪ್ಯೂಟರಿನಲ್ಲಿ. ಜರಡಿ ಬೇಡ, ದಾರ ಬೇಡ, ಅಲಾರಂ ಅರಚುವುದಿಲ್ಲ. ಒಬ್ಬಳೇ ಕೂತು ಮಾಡುತ್ತೇನೆ. ಟ್ರಾಯ್ ಮನೆ ಮಾರಿದಾಗ ಪಿಂಗ್‌ಪಾಂಗ್ ಟೇಬಲ್ಲು ಯಾರಿಗೋ ಹೋಯಿತು, ಆ ಟೇಪು ಎಲ್ಲಿ ಹೋಯಿತೋ ಗೊತ್ತಿಲ್ಲ. ಖರ್ಜೂರದಷ್ಟು ಕಾರು ಮಾತ್ರ ನನ್ನ ಮೇಜಿನ ಮೇಲಿದೆ.

ಕಳೆದ ಚಳಿಗಾಲ ರೆಹಾನಾಳ ಜೊತೆ ಅಪ್ಪರ್ ಪೆನಿನ್ಸುಲಾಕ್ಕೆ ಹೋಗಿದ್ದೆ. ಒಂದು ತಿರುವು ದಾಟಿದ್ದೇ ಇಬ್ಬರೂ ಒಟ್ಟಿಗೆ ಕೂಗಿಕೊಂಡೆವು. ಪೈನ್ ಕಾಡು, ಇಳಿಜಾರು ರಸ್ತೆ, ಕೆಳಗೆ ದೀಪ ಹಚ್ಚಿಕೊಂಡ ಪುಟ್ಟ ಊರು, ಚರ್ಚು, ನೀರಿನ ಟ್ಯಾಂಕು. ನಮ್ಮದೇ ಊರು! ಕಾರು ನಿಲ್ಲಿಸಿ, ವಿಡಿಯೊ ತೆಗೆದು, ಮೊದಲು ಕಳಿಸಿದ್ದು ಶ್ರೀಕಂಠ ಅಂಕಲ್‌ಗೆ. "ಅಂಕಲ್, ಸಿಕ್ತು!" ಎಂದು ಬರೆದೆ.

ಕೂಡಲೇ ಅವರ ವಾಯ್ಸ್ ಮೆಸೇಜ್ ಬಂತು. ದನಿಗೆ ವಯಸ್ಸಾಗಿತ್ತು, ಖುಷಿ ಹಾಗೇ ಇತ್ತು. "ಸೂಪರ್ ಡೈರೆಕ್ಟರಮ್ಮಾ! ಈಗೆಲ್ಲಾ ಕಂಪ್ಯೂಟರಲ್ಲಿ ಎಷ್ಟ್ ಚೆನ್ನಾಗಿ ಮಾಡ್ತೀರಾ! ಥೇಟ್ ನಿಜವಾದ ಊರೇ!"

ರೆಹಾನಾ ನಕ್ಕಳು. ನಾನು ಮೆಸೇಜನ್ನು ಇನ್ನೊಮ್ಮೆ ಕೇಳಿದೆ. ಯಾವ ಎಕ್ಸಿಟ್ ಎಂದು ಅವರು ಕೇಳಿರಲಿಲ್ಲ.